ಬಡ ದೇಶದ ಸರ್ಕಾರಿ ಏರ್‌ಲೈನ್ ಗೆದ್ದಿದ್ದು ಹೇಗೆ?

(1/9)
ಹೋದ ವಾರ ಡಿಸ್‌ಇನ್ವೆಸ್ಟ್‌ಮೆಂಟ್ ಸೆಮಿನಾರ್‌ನಲ್ಲಿ ಕೂತಿದ್ದವರಿಗೆ ನೆನಪಿರುತ್ತೆ. ಇಡೀ ಕ್ಲಾಸ್ ಒಟ್ಟಿಗೆ ಹೂಂ ಅಂದಿದ್ದು ಒಂದೇ ಒಂದು ಮಾತಿಗೆ: "ಸರ್ಕಾರ ಏರ್‌ಲೈನ್ ನಡೆಸಿದ್ರೆ ಅದು ಮುಳುಗೋದು ಗ್ಯಾರಂಟಿ." ಏರ್ ಇಂಡಿಯಾ ಕಥೆ ಕಣ್ಣೆದುರಿಗೇ ಇರುವಾಗ ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ?

ನನ್ನ ತಕರಾರು ಆ ಮಾತಿನ ಮೇಲೇ. ಅದಕ್ಕೆ ಈ ಸೀರೀಸ್. ಒಂಬತ್ತು ಪೋಸ್ಟ್ ಇದೆ, ಉದ್ದ ಜಾಸ್ತಿ, ಸೇವ್ ಮಾಡಿಟ್ಟು ಬಸ್ಸಲ್ಲಿ ಓದಿ.

ಕಥೆ ಇಥಿಯೋಪಿಯಾದ್ದು. ಆ ದೇಶದ ಹೆಸರು ಕೇಳಿದ ಕೂಡಲೇ ನಮ್ಮ ಮನೆಗಳಲ್ಲಿ ದೊಡ್ಡವರಿಗೆ ನೆನಪಾಗೋದು 1984-85ರ ಬರಗಾಲ, ಟಿವಿಯಲ್ಲಿ ಕಂಡ ಎಲುಬಿನ ಹಂದರದಂಥ ಮಕ್ಕಳು. ಇವತ್ತಿಗೂ ಅದು ಬಡ ದೇಶವೇ. ಆದರೆ ಆಫ್ರಿಕಾ ಖಂಡದ ಅತಿ ದೊಡ್ಡ ಏರ್‌ಲೈನ್ ಯಾವುದು ಗೊತ್ತಾ? ಶ್ರೀಮಂತ ದಕ್ಷಿಣ ಆಫ್ರಿಕಾದ್ದಲ್ಲ, ತೈಲ ಇರೋ ನೈಜೀರಿಯಾದ್ದೂ ಅಲ್ಲ. ಇಥಿಯೋಪಿಯನ್ ಏರ್‌ಲೈನ್ಸ್. 2024-25ರ ಲೆಕ್ಕದ ವರ್ಷದಲ್ಲಿ ಸುಮಾರು 1.9 ಕೋಟಿ ಪ್ರಯಾಣಿಕರು, ಸುಮಾರು 760 ಕೋಟಿ ಡಾಲರ್ ಆದಾಯ, 140ಕ್ಕೂ ಹೆಚ್ಚು ವಿಮಾನ. ಮಾಲೀಕರು ಯಾರು? ನೂರಕ್ಕೆ ನೂರು ಸರ್ಕಾರ.

(2/9)
ಶುರುವಾತಿಗೆ ಹೋಗೋಣ. ಇಟಲಿ 1936ರಿಂದ 1941ರವರೆಗೆ ಇಥಿಯೋಪಿಯಾವನ್ನ ಆಕ್ರಮಿಸಿಕೊಂಡಿತ್ತು. ಅದು ಹೊರಟ ಮೇಲೆ ಚಕ್ರವರ್ತಿ ಹೈಲೆ ಸೆಲಾಸಿಗೆ ಎದುರಾದ ಸಮಸ್ಯೆ ಸರಳ: ದೇಶದ ತುಂಬಾ ಬೆಟ್ಟ, ಆಳದ ಕಣಿವೆ, ರಸ್ತೆ ಮಾಡೋಕೆ ದುಡ್ಡೂ ಇಲ್ಲ, ಸಮಯವೂ ಇಲ್ಲ. ಹಾರೋದೇ ಅಗ್ಗ. 1945ರ ಡಿಸೆಂಬರ್‌ನಲ್ಲಿ ಅಮೆರಿಕದ ಟಿಡಬ್ಲ್ಯುಎ ಕಂಪನಿಯ ಜೊತೆ ಒಪ್ಪಂದ ಮಾಡ್ಕೊಂಡು ಏರ್‌ಲೈನ್ ಹುಟ್ಟಿತು. 1946ರ ಏಪ್ರಿಲ್ 8ಕ್ಕೆ ಮೊದಲ ಹಾರಾಟ, ಅಡಿಸ್ ಅಬಾಬಾದಿಂದ ಅಸ್ಮಾರಾ ಮಾರ್ಗವಾಗಿ ಕೈರೋಗೆ. (ಅಸ್ಮಾರಾ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.) ವಿಮಾನಗಳು ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಮಾರಾಟಕ್ಕಿಟ್ಟ ಡಕೋಟಾಗಳು. ಸೈನಿಕರನ್ನೂ ಸಾಮಾನನ್ನೂ ಹೊರೋಕೆ ಮಾಡಿದ ಗಾಡಿ, ಸುಖಾಸನ ಗಿಖಾಸನ ಎಂಥದ್ದೂ ಇಲ್ಲ.

ಈಗ ಅದೇ ಹೊತ್ತಿಗೆ ನಮ್ಮದು ಎಲ್ಲಿತ್ತು ನೋಡಿ. ಟಾಟಾದ ವಿಮಾನ ಟಪಾಲು ಹೊತ್ತು 1932ರಲ್ಲೇ ಕರಾಚಿಯಿಂದ ಮದ್ರಾಸಿಗೆ ಹಾರಿತ್ತು. ಆ ದಾರಿಯಲ್ಲಿ ಇಳಿದ ಊರುಗಳಲ್ಲಿ ನಮ್ಮ ಬಳ್ಳಾರಿಯೂ ಒಂದು! 1960ಕ್ಕೆ ಏರ್ ಇಂಡಿಯಾ ಜೆಟ್ ವಿಮಾನದಲ್ಲಿ ನ್ಯೂಯಾರ್ಕ್ ಮುಟ್ಟಿತ್ತು. ಇಥಿಯೋಪಿಯಾಗೆ ಮೊದಲ ಜೆಟ್ ಬಂದಿದ್ದು 1962ರ ಕೊನೆಯಲ್ಲಿ. ಅಂದ್ರೆ ಓಟ ಶುರುವಾದಾಗ ನಾವು ಎಷ್ಟೋ ಮುಂದಿದ್ವಿ. ಬಡತನ, ಅನುಭವ ಇಲ್ಲ, ತಡವಾಗಿ ಶುರು ಮಾಡಿದ್ವಿ: ಈ ನೆಪಗಳೆಲ್ಲ ಅವರ ಹತ್ರ ಇದ್ವು, ನಮ್ಮ ಹತ್ರ ಇರಲಿಲ್ಲ.

(3/9)
ಟಿಡಬ್ಲ್ಯುಎ ಜೊತೆಗಿನ ಒಪ್ಪಂದ ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ. ಶುರುವಲ್ಲಿ ಪೈಲಟ್, ಮೆಕ್ಯಾನಿಕ್, ಲೆಕ್ಕಪತ್ರದವರು, ಮ್ಯಾನೇಜರ್ ಎಲ್ಲರೂ ಹೊರಗಿನವರೇ. ಬೇರೆ ಎಷ್ಟೋ ದೇಶಗಳಲ್ಲಿ ಇಂಥ ಒಪ್ಪಂದ ಹಾಗೇ ಮುಂದುವರಿದು, ವಿದೇಶಿಯರು ಕುರ್ಚಿ ಬಿಡಲೇ ಇಲ್ಲ. ಇಲ್ಲವೇ ಸ್ವಾತಂತ್ರ್ಯದ ಹುರುಪಲ್ಲಿ ಒಂದೇ ರಾತ್ರಿಗೆ ಅವರನ್ನ ಓಡಿಸಿ, ಮಾರನೇ ದಿನ ವಿಮಾನ ಹಾರಿಸೋರು ಇಲ್ಲದ ಹಾಗಾಯ್ತು. ಇಥಿಯೋಪಿಯಾ ಎರಡನ್ನೂ ಮಾಡಲಿಲ್ಲ. 1950ರ ದಶಕದಲ್ಲಿ ಒಪ್ಪಂದ ನವೀಕರಿಸುವಾಗಲೇ, ಕಾಲಕ್ರಮದಲ್ಲಿ ಎಲ್ಲ ಕೆಲಸ ನಮ್ಮವರ ಕೈಗೇ ಬರಬೇಕು ಅನ್ನೋ ಗುರಿ ಹಾಕಿಕೊಂಡ್ರು. ಕಲಿಸೋದೂ ಟಿಡಬ್ಲ್ಯುಎ ಕೆಲಸದ ಭಾಗವೇ ಆಯ್ತು.

ಅವಸರ ಮಾಡಲಿಲ್ಲ ಅನ್ನೋದು ಮುಖ್ಯ. 1957ರಲ್ಲಿ ಅಲೆಮಾಯೆಹು ಅಬೆಬೆ ಅನ್ನೋರು ಆ ಏರ್‌ಲೈನ್‌ನ ಮೊದಲ ಇಥಿಯೋಪಿಯನ್ ಕ್ಯಾಪ್ಟನ್ ಆದ್ರು. 60ರ ದಶಕದಲ್ಲಿ ಪೈಲಟ್ ಶಾಲೆ, ಆಮೇಲೆ ಮೆಕ್ಯಾನಿಕ್‌ಗಳ ಶಾಲೆ. ಒಬ್ಬ ಇಥಿಯೋಪಿಯನ್ ಜನರಲ್ ಮ್ಯಾನೇಜರ್ ಕುರ್ಚಿಯಲ್ಲಿ ಕೂತಿದ್ದು 1971ರಲ್ಲಿ. ಅಲ್ಲಿಗೆ ಕಾಲು ಶತಮಾನ ಕಳೆದಿತ್ತು. ಕೆಳಗಿಂದ ಮೇಲಿನವರೆಗೆ ಒಂದೊಂದೇ ಮೆಟ್ಟಿಲು ತುಂಬಿಸ್ತಾ ಬಂದ್ರು, ಕೊನೆಗೆ ಮೇಲಿನದು.

ಇದನ್ನ ಓದುವಾಗ ನನಗೆ ನಮ್ಮ ಎಚ್‌ಎಂಟಿ ನೆನಪಾಯ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯಿಂದ ಕಲಿತು ಬೆಂಗಳೂರಲ್ಲಿ ವಾಚು ಮಾಡೋಕೆ ಶುರು ಮಾಡಿದವರು ನಾವು. ಕಲಿಯೋಕೆ ನಮಗೇನೂ ತೊಂದರೆ ಇರಲಿಲ್ಲ. ತಾತನ ಕೈಯಲ್ಲಿದ್ದ ಆ ವಾಚು ಇವತ್ತಿಗೂ ಓಡ್ತಿರೋ ಮನೆ ನಿಮ್ಮಲ್ಲಿ ಎಷ್ಟಿವೆಯೋ. ಕಲಿತಾದ ಮೇಲೆ ಏನಾಯ್ತು ಅನ್ನೋದರಲ್ಲಿ ಇದೆ ವ್ಯತ್ಯಾಸ.

ಈಗ ಅಡಿಸ್ ಅಬಾಬಾದ ಏವಿಯೇಷನ್ ಅಕಾಡೆಮಿಗೆ ಬೇರೆ ಆಫ್ರಿಕನ್ ದೇಶಗಳಿಂದಲೂ ಹುಡುಗ ಹುಡುಗಿಯರು ಬಂದು ಪೈಲಟ್, ಟೆಕ್ನಿಷಿಯನ್ ಆಗಿ ಹೋಗ್ತಾರೆ. ದೊಡ್ಡ ರಿಪೇರಿಗೆ ಇತರ ದೇಶಗಳ ವಿಮಾನಗಳೂ ಅಲ್ಲಿಗೇ ಬರ್ತವೆ. ಬೋಯಿಂಗ್‌ಗೆ ಬೇಕಾದ ವೈರ್ ಹಾರ್ನೆಸ್ ಕೂಡ ಅಲ್ಲಿ ಕಟ್ಟಿ ಕಳಿಸ್ತಾರೆ. 2010ರಲ್ಲಿ ಅಮ್ಸಾಲೆ ಗುವಾಲು ಅಲ್ಲಿನ ಮೊದಲ ಮಹಿಳಾ ಕ್ಯಾಪ್ಟನ್ ಆದ್ರು. 2015ರಲ್ಲಿ ಪೂರ್ತಿ ಮಹಿಳೆಯರ ತಂಡವೇ ಒಂದು ವಿಮಾನವನ್ನ ಬ್ಯಾಂಕಾಕ್‌ಗೆ ಹಾರಿಸಿಕೊಂಡು ಹೋಯ್ತು.

(4/9)
ಈ ಪೋಸ್ಟ್ ಮ್ಯಾಪ್ ಪ್ರಿಯರಿಗೆ. ಮೇಲಿನ ಚಿತ್ರ ನಾನೇ ಬರೆದಿದ್ದು, ಆಫ್ರಿಕಾ ಸ್ವಲ್ಪ ಬದನೆಕಾಯಿ ತರ ಆಗಿದೆ, ಕ್ಷಮಿಸಿ.

ಹಿಂದೆ ಆಫ್ರಿಕಾದ ಪೂರ್ವದಿಂದ ಪಶ್ಚಿಮಕ್ಕೆ ಹೋಗಬೇಕಾದ್ರೆ ಯುರೋಪಿಗೆ ಹೋಗಿ ತಿರುಗಿ ಬರಬೇಕಿತ್ತು. ಯಾಕಂದ್ರೆ ವಿಮಾನದ ದಾರಿಗಳೆಲ್ಲ ಲಂಡನ್, ಪ್ಯಾರಿಸ್‌ಗೆ ಎಳೆದ ದಾರಗಳು, ಆಳಿದವರ ಅನುಕೂಲಕ್ಕೆ ಮಾಡಿದ್ದು. ಪಕ್ಕದ ಮನೆಗೆ ಹೋಗೋಕೆ ಸಾಹುಕಾರರ ಅಂಗಳ ದಾಟಿ ಹೋದ ಹಾಗೆ. 1960ರಲ್ಲಿ ಇಥಿಯೋಪಿಯನ್ ಏರ್‌ಲೈನ್ಸ್ ಖಂಡದ ಹೊಟ್ಟೆಯ ಮೇಲೇ ಅಡ್ಡಡ್ಡ ಹಾರಿ ಪಶ್ಚಿಮ ತೀರದ ಲೈಬೀರಿಯಾದ ಮನ್ರೋವಿಯಾ ಮುಟ್ಟಿತು. 1963ರಲ್ಲಿ ಆಫ್ರಿಕನ್ ಏಕತಾ ಸಂಘಟನೆ ಅಡಿಸ್ ಅಬಾಬಾದಲ್ಲೇ ಹುಟ್ಟಿ ಅಲ್ಲೇ ಕಚೇರಿ ಮಾಡಿತು. ಹೊಸ ದೇಶಗಳ ಮಂತ್ರಿಗಳು, ಅಧಿಕಾರಿಗಳು ಎಲ್ಲರೂ ಅಲ್ಲಿಗೆ ಬರಲೇಬೇಕಾಯ್ತು. 1973ಕ್ಕೆ ಚೀನಾ! ಆಗ ಚೀನಾಗೆ ಯಾರು ಹೋಗ್ತಿದ್ರು ಹೇಳಿ? ಮೂವತ್ತು ವರ್ಷ ಆದ ಮೇಲೆ ಆಫ್ರಿಕಾದ ಸಣ್ಣ ವ್ಯಾಪಾರಿಗಳು ಬಟ್ಟೆ, ಮೊಬೈಲ್, ಮೋಟಾರ್ ಭಾಗ ತರೋಕೆ ಗುವಾಂಗ್‌ಝೌಗೆ ಹೊರಟಾಗ, ಚೀನೀ ಎಂಜಿನಿಯರ್‌ಗಳು ರಸ್ತೆ ಹಾಕೋಕೆ ಈ ಕಡೆ ಬಂದಾಗ, ದಾರಿ ಅವರ ಕೈಯಲ್ಲೇ ಇತ್ತು.

ಹಬ್ ಅಂದ್ರೆ ಏನು ಅಂತ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್‌ನಲ್ಲಿ ನಿಂತವರಿಗೆ ಹೇಳಿಕೊಡಬೇಕಿಲ್ಲ. ಚಿಂತಾಮಣಿಯಿಂದ ಕುಣಿಗಲ್‌ಗೆ ನೇರ ಬಸ್ ಓಡಿಸಿದ್ರೆ ಅರ್ಧ ಖಾಲಿ. ಆದರೆ ಎರಡೂ ಮೆಜೆಸ್ಟಿಕ್‌ಗೆ ಬಂದ್ರೆ ಎಲ್ಲ ಸೀಟೂ ತುಂಬುತ್ತೆ. ಏಷ್ಯಾ ಕಡೆಯಿಂದ 20 ಊರು, ಆಫ್ರಿಕಾ ಕಡೆಯಿಂದ 20 ಊರು ಒಂದೇ ಹೊತ್ತಿಗೆ ಅಡಿಸ್‌ಗೆ ಬಂದಿಳಿದ್ರೆ, 40 ದಾರಿಯಲ್ಲಿ 400 ಜೋಡಿ ಊರುಗಳಿಗೆ ಟಿಕೆಟ್ ಮಾರಬಹುದು. ಇಥಿಯೋಪಿಯಾ ಬಡ ದೇಶ ಆದ್ರೂ ಏರ್‌ಲೈನ್ ಬೆಳೆದಿದ್ದರ ಗುಟ್ಟು ಇಲ್ಲಿದೆ: ಅದರ ಗಿರಾಕಿಗಳಲ್ಲಿ ದೊಡ್ಡ ಪಾಲು ಇಥಿಯೋಪಿಯಾದವರೇ ಅಲ್ಲ, ಅಲ್ಲಿ ವಿಮಾನ ಬದಲಿಸೋ ಪರದೇಶಿಗಳು. 2019ರ ಅಕ್ಟೋಬರ್‌ನಲ್ಲಿ ಬೆಂಗಳೂರಿಂದಲೂ ಅವರ ವಿಮಾನ ಶುರುವಾಯ್ತು. ಬೆಂಗಳೂರಿಂದ ಲಾಗೋಸ್‌ಗೋ ಅಕ್ರಾಗೋ ಹೋಗೋರಿಗೆ ಅಡಿಸ್‌ನೇ ಮೆಜೆಸ್ಟಿಕ್.

ಜಾಗ ಚೆನ್ನಾಗಿದೆ ಅಂದ ಮಾತ್ರಕ್ಕೆ ಅದೃಷ್ಟ ಅನ್ಕೋಬೇಡಿ. ಅಡಿಸ್‌ನ ಬೊಲೆ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,330 ಮೀಟರ್ ಎತ್ತರ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಅದರ ತುದಿಗಿಂತ 400 ಮೀಟರ್ ಮೇಲೆ ರನ್‌ವೇ ಇದೆ ಅಂತ ಯೋಚನೆ ಮಾಡಿ! ಅಲ್ಲಿ ಗಾಳಿ ತೆಳು, ರೆಕ್ಕೆಗೂ ಎಂಜಿನ್‌ಗೂ ಬಲ ಕಡಿಮೆ. ಇಂಧನ ಪೂರ್ತಿ ತುಂಬಿಸಿದ್ರೆ ಭಾರ ಜಾಸ್ತಿಯಾಗಿ ಏಳೋದು ಕಷ್ಟ. ಅದಕ್ಕೇ ವಾಷಿಂಗ್ಟನ್‌ನಿಂದ ಅಡಿಸ್‌ಗೆ ನೇರ ಬರೋ ವಿಮಾನ, ಅಡಿಸ್‌ನಿಂದ ವಾಷಿಂಗ್ಟನ್‌ಗೆ ಹೋಗುವಾಗ ಮಾತ್ರ ಮಧ್ಯೆ ಎಲ್ಲಾದ್ರೂ ಇಳಿದು ಇಂಧನ ಹಾಕಿಸ್ಕೊಂಡು ಹೋಗುತ್ತೆ.

(5/9)
ಈಗ ಸೆಮಿನಾರ್‌ನ ಮಾತಿಗೆ ಬರ್ತೀನಿ.

1974ರಲ್ಲಿ ಸೈನ್ಯ ಚಕ್ರವರ್ತಿಯನ್ನ ಇಳಿಸಿತು. ಬಂದಿದ್ದು ದೆರ್ಗ್ ಅನ್ನೋ ಮಿಲಿಟರಿ ಸರ್ಕಾರ. ಕಮ್ಯುನಿಸಂ ಹೆಸರು, ಸೋವಿಯತ್ ಒಕ್ಕೂಟದ ಸ್ನೇಹ, ಸಾವಿರಾರು ಜನರ ಕೊಲೆ. ಕಂಡಕಂಡದ್ದನ್ನೆಲ್ಲ ರಾಷ್ಟ್ರೀಕರಣ ಮಾಡಿದ ಕಾಲ. ಏರ್‌ಲೈನ್ ಒಳಗೂ ಕೈ ಹಾಕಿದ್ರು, ಪರಿಸ್ಥಿತಿ ಕೆಟ್ಟಿತು. ಆದರೆ 1980ರಲ್ಲಿ ಕ್ಯಾಪ್ಟನ್ ಮೊಹಮ್ಮದ್ ಅಹ್ಮದ್ ಮುಖ್ಯಸ್ಥರಾದ ಮೇಲೆ ಏರ್‌ಲೈನ್ ಮತ್ತೆ ವ್ಯಾಪಾರದ ದಾರಿಗೆ ಬಂತು. ಅವರು ವಿಮಾನಯಾನ ಗೊತ್ತಿದ್ದ ಮನುಷ್ಯ, 1991ರವರೆಗೆ ಅದೇ ಕುರ್ಚಿಯಲ್ಲಿದ್ರು.

ಒಂದು ವಿಚಿತ್ರ ನೋಡಿ. ಸರ್ಕಾರ ಮಾಸ್ಕೋ ಕಡೆ ವಾಲಿದೆ, ಏರ್‌ಲೈನ್ ಮಾತ್ರ ಸಿಯಾಟಲ್‌ಗೆ ಹೋಗಿ ಬೋಯಿಂಗ್ ಕೊಳ್ತಿದೆ! 1984ರ ಜೂನ್‌ನಲ್ಲಿ ಅವರ ಹೊಸ ಬೋಯಿಂಗ್ 767 ವಾಷಿಂಗ್ಟನ್‌ನಿಂದ ಅಡಿಸ್‌ಗೆ ಎಲ್ಲೂ ಇಳಿಯದೆ 12,000 ಕಿಲೋಮೀಟರ್‌ಗೂ ಹೆಚ್ಚು ಹಾರಿತು. ಎರಡು ಎಂಜಿನ್ನಿನ ಜೆಟ್‌ಗೆ ಆಗ ಅದು ದಾಖಲೆ. ಅದೇ ವರ್ಷ ದೇಶದಲ್ಲಿ ಆ ಬರಗಾಲ. ಈ ಎರಡು ವಿಷಯ ಪಕ್ಕಪಕ್ಕ ಇಟ್ಟು ನೋಡಿದ್ರೆ ಹೊಟ್ಟೆ ತೊಳಸುತ್ತೆ, ನಿಜ. ಹಸಿದ ದೇಶಕ್ಕೆ ದಾಖಲೆಯ ವಿಮಾನ ಯಾಕೆ ಅನ್ನೋ ಪ್ರಶ್ನೆ ಕೇಳಲೇಬೇಕು. ನನ್ನ ಉತ್ತರ: ಕಾಫಿ ಬಿಟ್ರೆ ಆ ದೇಶಕ್ಕೆ ಡಾಲರ್ ತರೋ ದಾರಿ ತೀರಾ ಕಡಿಮೆ ಇದ್ವು, ಏರ್‌ಲೈನ್ ಅದರಲ್ಲಿ ಒಂದು.

ಆಳೋರು ಅದನ್ನ ಸುಮ್ಮನೆ ಬಿಟ್ಟಿದ್ದೂ ಇದೇ ಕಾರಣಕ್ಕೆ ಅಂತ ನನ್ನ ಅಂದಾಜು. ದೊಡ್ಡ ಮನಸ್ಸಿನಿಂದೇನೂ ಅಲ್ಲ. ಹಾಲು ಕೊಡೋ ಹಸುವನ್ನ ಕಟುಕನೂ ಕಡಿಯಲ್ಲ.

1991ರಲ್ಲಿ ದೆರ್ಗ್ ಬಿತ್ತು, ಬಂಡುಕೋರರು ಅಧಿಕಾರಕ್ಕೆ ಬಂದ್ರು. ರಾಜ, ಸೈನ್ಯ, ಬಂಡುಕೋರರು ಅಂತ ಮೂರು ತೀರಾ ಬೇರೆ ಬೇರೆ ಆಡಳಿತ. ಬಾಲದ ಮೇಲಿನ ಹಸಿರು, ಹಳದಿ, ಕೆಂಪು ಪಟ್ಟೆ ಹಾಗೇ ಉಳೀತು.

(6/9)
ಆಮೇಲಿನ ಬೆಳವಣಿಗೆ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಬೇರು ಆಗಲೇ ಇಳಿದಿತ್ತು. 2005ರಲ್ಲಿ ಗಿರ್ಮಾ ವಾಕೆ ಮುಖ್ಯಸ್ಥರಾಗಿದ್ದಾಗ ಐದು ವರ್ಷದ ಯೋಜನೆ, ಆಮೇಲೆ 2010ರಲ್ಲಿ ಹದಿನೈದು ವರ್ಷದ ಯೋಜನೆ. 2011ರ ಡಿಸೆಂಬರ್‌ನಲ್ಲಿ ಸ್ಟಾರ್ ಅಲಯನ್ಸ್ ಸೇರಿದ್ರು. 2012ರಲ್ಲಿ ಬೋಯಿಂಗ್ 787 ಡ್ರೀಮ್‌ಲೈನರ್, ಆಫ್ರಿಕಾದಲ್ಲಿ ಮೊದಲು. ಟೋಗೋದ ಲೋಮೆಯಲ್ಲಿರೋ ಆಸ್ಕಿ ಏರ್‌ಲೈನ್‌ನಲ್ಲಿ ಪಾಲು, ಮಲಾವಿಯಲ್ಲಿ ಪಾಲು. ಒಂದೇ ಮೆಜೆಸ್ಟಿಕ್ ಸಾಲದು, ಸಣ್ಣ ಸಣ್ಣ ಸ್ಟ್ಯಾಂಡೂ ಬೇಕು ಅಂತ.

ಕಾರ್ಗೋ ಬಗ್ಗೆ ಮಾತ್ರ ಒಂದು ಕ್ಷಣ ನಿಲ್ಲೋಣ. ಇಥಿಯೋಪಿಯಾದ ಎತ್ತರದ ತಂಪು ನೆಲದಲ್ಲಿ ಗುಲಾಬಿ ಚೆನ್ನಾಗಿ ಬರುತ್ತೆ. ಒಂದು ಕಾಲದಲ್ಲಿ ಬೆಂಗಳೂರಿನ ಕರುತುರಿ ಕಂಪನಿಯೂ ಅಲ್ಲಿನ ಹೊಲೆಟಾ ಹತ್ತಿರ ಗುಲಾಬಿ ಬೆಳೆದಿತ್ತು. ಕುಯ್ದ ಹೂವು ಯುರೋಪಿನ ಮಾರುಕಟ್ಟೆಗೆ ಹಡಗಲ್ಲಿ ಹೋದ್ರೆ ಕೊಳೆತೇ ಹೋಗುತ್ತೆ, ವಿಮಾನವೇ ಬೇಕು. ಏರ್‌ಲೈನ್ ಇದ್ದಿದ್ದಕ್ಕೇ ಹೂವಿನ ರಫ್ತು ಬೆಳೀತು, ಹೂವಿನಿಂದ ಏರ್‌ಲೈನ್ ಹೊಟ್ಟೆ ತುಂಬಿತು. ಕೋವಿಡ್ ಬಂದಾಗ ಈ ಅಭ್ಯಾಸ ಕೈ ಹಿಡೀತು: ಪ್ರಯಾಣಿಕರ ವಿಮಾನಗಳ ಸೀಟು ಕಿತ್ತು ಹಾಕಿ ಪಿಪಿಇ ಕಿಟ್, ಔಷಧಿ ತುಂಬಿಸಿದ್ರು. ಜಗತ್ತಿನ ದೊಡ್ಡ ದೊಡ್ಡ ಖಾಸಗಿ ಏರ್‌ಲೈನ್‌ಗಳು ಸರ್ಕಾರದ ಮುಂದೆ ಕೈ ಚಾಚಿ ನಿಂತಿದ್ದ ಹೊತ್ತಲ್ಲಿ ಈ "ಸರ್ಕಾರಿ" ಕಂಪನಿ ಸರ್ಕಾರದಿಂದ ಬೇಲ್‌ಔಟ್ ತಗೊಳ್ಳಲಿಲ್ಲ. ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಮುಂದಿನ ಸೆಮಿನಾರ್‌ಗೆ ಬೇಕಾಗುತ್ತೆ.

(7/9)
ಈ ಪೋಸ್ಟ್ ಬರೆಯೋದು ಕಷ್ಟ ಆಯ್ತು.

2019ರ ಮಾರ್ಚ್ 10, ಭಾನುವಾರ. ಅಡಿಸ್‌ನಿಂದ ನೈರೋಬಿಗೆ ಹೊರಟ ಇಟಿ 302, ಹೊಚ್ಚ ಹೊಸ ಬೋಯಿಂಗ್ 737 ಮ್ಯಾಕ್ಸ್. ಎದ್ದ ಆರೇ ನಿಮಿಷಕ್ಕೆ ಬಿಶೋಫ್ತು ಊರಿನ ಹತ್ತಿರ ನೆಲಕ್ಕಪ್ಪಳಿಸಿತು. 157 ಜನ, ನಾಲ್ವರು ಭಾರತೀಯರೂ ಸೇರಿ, ಯಾರೂ ಉಳಿಯಲಿಲ್ಲ. ಕ್ಯಾಪ್ಟನ್ ಯಾರೆದ್ ಗೆಟಾಚೆವ್‌ಗೆ 29 ವರ್ಷ. ಆ ಅಕಾಡೆಮಿಯಲ್ಲೇ ಕಲಿತು ಬೆಳೆದವರು. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್‌ಗೆ 25, ನಮ್ಮ ಸೀನಿಯರ್‌ಗಳ ವಯಸ್ಸು.

ಐದು ತಿಂಗಳ ಹಿಂದಷ್ಟೇ ಇಂಡೋನೇಷ್ಯಾದಲ್ಲಿ ಲಯನ್ ಏರ್‌ನ ಅದೇ ಮಾದರಿಯ ವಿಮಾನ ಬಿದ್ದು 189 ಜನ ಸತ್ತಿದ್ರು. ಆದರೂ ಮೊದಲು ಕೇಳಿಬಂದ ಮಾತುಗಳಲ್ಲಿ ಒಂದು: ಆಫ್ರಿಕಾದ ಪೈಲಟ್‌ಗಳಿಗೆ ಸರಿಯಾಗಿ ತರಬೇತಿ ಇತ್ತಾ? ಬಿದ್ದಿದ್ದು ಅಮೆರಿಕದ ವಿಮಾನ, ಅನುಮಾನ ಬಿದ್ದಿದ್ದು ಹಾರಿಸಿದವರ ಬಣ್ಣದ ಮೇಲೆ. ಏಪ್ರಿಲ್ ಮೊದಲ ವಾರದಲ್ಲಿ ಇಥಿಯೋಪಿಯಾದ ಪ್ರಾಥಮಿಕ ವರದಿ ಬಂತು. ಸೆನ್ಸರ್ ಒಂದು ತಪ್ಪು ಮಾಹಿತಿ ಕೊಟ್ಟಿದೆ, ಅದನ್ನ ನಂಬಿ ಎಂಕಾಸ್ ಅನ್ನೋ ಸಾಫ್ಟ್‌ವೇರ್ ವಿಮಾನದ ಮೂತಿಯನ್ನ ಮತ್ತೆ ಮತ್ತೆ ಕೆಳಕ್ಕೆ ತಳ್ಳಿದೆ. ಅದೇ ದಿನ ಬೋಯಿಂಗ್ ಮುಖ್ಯಸ್ಥರೂ ಎರಡೂ ಅಪಘಾತಗಳಲ್ಲಿ ಈ ಸಾಫ್ಟ್‌ವೇರ್ ತಪ್ಪು ಮಾಹಿತಿಗೆ ಕೆಲಸ ಮಾಡಿತ್ತು ಅಂತ ಒಪ್ಕೊಂಡ್ರು. ಕೊನೆಯ ವರದಿ ಬಂದಾಗ ಅಮೆರಿಕ, ಫ್ರಾನ್ಸ್‌ನ ತನಿಖಾ ಸಂಸ್ಥೆಗಳು ಪೈಲಟ್‌ಗಳು ಏನು ಮಾಡಿದ್ರು ಅನ್ನೋದನ್ನ ಇಥಿಯೋಪಿಯಾ ಸಾಕಷ್ಟು ನೋಡಿಲ್ಲ ಅಂತ ಆಕ್ಷೇಪ ಎತ್ತಿದ್ವು. ಅದನ್ನೂ ಹೇಳದಿದ್ರೆ ಪಕ್ಷಪಾತ ಆಗುತ್ತೆ. ಆದ್ರೆ ಒಂದೇ ಸೆನ್ಸರ್ ನಂಬೋ ಸಾಫ್ಟ್‌ವೇರ್ ಬರೆದಿದ್ದು ಅಡಿಸ್ ಅಬಾಬಾದಲ್ಲಿ ಅಲ್ಲ.

ನಂಬಲಾಗದ್ದು ಇನ್ನೊಂದು. 2022ರ ಫೆಬ್ರವರಿಯಲ್ಲಿ ಅವರು ಮ್ಯಾಕ್ಸ್ ಮತ್ತೆ ಹಾರಿಸಿದ್ರು. 2023ರ ನವೆಂಬರ್‌ನಲ್ಲಿ ಇನ್ನೂ 20 ಮ್ಯಾಕ್ಸ್‌ಗೆ ಆರ್ಡರ್ ಕೊಟ್ರು. ವ್ಯಾಪಾರದ ಲೆಕ್ಕದಲ್ಲಿ ಸರಿ ಇರಬಹುದು, ಪೈಲಟ್‌ಗಳು, ಮೆಕ್ಯಾನಿಕ್‌ಗಳು ಎಲ್ಲ ಬೋಯಿಂಗ್‌ನಲ್ಲೇ ಪಳಗಿದವರು. ಆದರೂ ಆ 157 ಮನೆಗಳವರಿಗೆ ಈ ಸುದ್ದಿ ಹೇಗೆ ಕೇಳಿಸಿರಬಹುದು? ನನಗೆ ಅರಗಲಿಲ್ಲ.

(8/9)
ಈಗ ನಮ್ಮದು. ಏರ್ ಇಂಡಿಯಾ 1953ರಲ್ಲಿ ಸರ್ಕಾರದ್ದಾಯ್ತು. ಆದ್ರೂ ಜೆ.ಆರ್.ಡಿ. ಟಾಟಾ ಅಧ್ಯಕ್ಷರಾಗಿ ಮುಂದುವರಿದ್ರು. ಮಹಾರಾಜನ ಮೀಸೆಗೆ ಜಗತ್ತೇ ಸಲಾಂ ಹೊಡೆದ ಆ ಒಳ್ಳೆ ವರ್ಷಗಳು ಸರ್ಕಾರ ಮಾಲೀಕನಾಗಿದ್ದ ಕಾಲದವೇ! ಇದನ್ನ ಯಾರೂ ಹೇಳಲ್ಲ. 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಅವರನ್ನ ತೆಗೀತು. ಆಮೇಲಿನ ದಶಕಗಳಲ್ಲಿ ಆ ಕುರ್ಚಿಗೆ ಬಂದವರಲ್ಲಿ ಐಎಎಸ್ ಅಧಿಕಾರಿಗಳೇ ಜಾಸ್ತಿ. ನಮ್ಮ ಮೆಟ್ರೋ ಎಂ.ಡಿ. ಆಗಿದ್ದವರೇ 2017ರಲ್ಲಿ ಅಲ್ಲಿಗೆ ಹೋದ್ರು. ಅವರೆಲ್ಲ ದಡ್ಡರು ಅಂತ ನಾನು ಹೇಳ್ತಿಲ್ಲ, ಬುದ್ಧಿವಂತರೇ. ಆದರೆ ಇವತ್ತು ಮೆಟ್ರೋ, ನಾಳೆ ವಿಮಾನ, ನಾಡಿದ್ದು ಇನ್ಯಾವುದೋ ಇಲಾಖೆ. ಎಂಜಿನ್ ಹೆಸರು ಬಾಯಿಗೆ ಬರೋ ಹೊತ್ತಿಗೆ ವರ್ಗಾವಣೆ. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಜೊತೆ ವಿಲೀನ, ಜೊತೆಗೆ 111 ವಿಮಾನದ ಆರ್ಡರ್, ತೀರಿಸಲಾಗದ ಸಾಲ. 2022ರ ಜನವರಿಯಲ್ಲಿ 18,000 ಕೋಟಿ ರೂಪಾಯಿಗೆ ವಾಪಸ್ ಟಾಟಾಗೆ.

ಆ ಕಡೆ ನೋಡಿ. 2011ರಿಂದ 2022ರವರೆಗೆ ಇಥಿಯೋಪಿಯನ್ ನಡೆಸಿದ ತೆವೊಲ್ಡೆ ಗೆಬ್ರೆಮರಿಯಮ್ 80ರ ದಶಕದಲ್ಲಿ ಅದೇ ಕಂಪನಿಯಲ್ಲಿ ಸಣ್ಣ ಹುದ್ದೆಗೆ ಸೇರಿದವರು. ಅವರ ನಂತರ ಬಂದ ಮೆಸ್ಫಿನ್ ತಸೆವ್ 1984ರಲ್ಲಿ ಎಂಜಿನಿಯರ್ ಆಗಿ ಸೇರಿದವರು. ಮೇಲೆ ಬರೋಕೆ ಮೂವತ್ತು ನಲವತ್ತು ವರ್ಷ ಹಿಡೀತು, ಆದ್ರೆ ದಾರಿ ತೆರೆದಿತ್ತು.

"ಹಾಗಾದ್ರೆ ಖಾಸಗಿ ಮಾಡಿದ್ರೆ ಸರಿ ಹೋಗುತ್ತಲ್ಲ?" ನಮ್ಮ ಬೆಂಗಳೂರಿನದೇ ಕಿಂಗ್‌ಫಿಶರ್ ಏರ್‌ಲೈನ್ಸ್ ಖಾಸಗಿ, 2012ರಲ್ಲಿ ನಿಂತಿತು, ಸಂಬಳ ಸಿಗದೆ ಬೀದಿಗೆ ಬಂದವರು ಕೆಲಸಗಾರರು. ಜೆಟ್ ಏರ್‌ವೇಸ್ ಖಾಸಗಿ, 2019ರಲ್ಲಿ ನಿಂತಿತು. ಕೀನ್ಯಾ ಏರ್‌ವೇಸ್ 1996ರಲ್ಲಿ ಖಾಸಗಿ ಆಯ್ತು, ಕೆಎಲ್‌ಎಂ ಪಾಲುದಾರ, ಎಲ್ಲರೂ ಶಹಬ್ಬಾಸ್ ಅಂದಿದ್ರು. ಈಗ ಸಾಲದಲ್ಲಿ ಒದ್ದಾಡ್ತಿದೆ. ಇನ್ನು ನೈಜೀರಿಯಾ ಏರ್‌ವೇಸ್ ಸರ್ಕಾರಿ, 2003ಕ್ಕೆ ಮುಚ್ಚಿಹೋಯ್ತು. ಹಾಗಾಗಿ ಮಾಲೀಕ ಯಾರು ಅಂತ ಕೇಳಿದ್ರೆ ಉತ್ತರ ಸಿಗಲ್ಲ. ಕೆಲಸ ಕಲಿಸಿದವರು ಯಾರು, ಕಲಿತವರಲ್ಲಿ ಮೇಲೆ ಹೋಗಿದ್ದು ಯಾರು, ಮಂತ್ರಿಗಳ ಫೋನ್ ಬಂದಾಗ "ಆಗಲ್ಲ ಸರ್" ಅನ್ನೋ ಅಧಿಕಾರ ಯಾರಿಗಿತ್ತು: ನಾನಾಗಿದ್ರೆ ಸೆಮಿನಾರ್‌ನಲ್ಲಿ ಇದನ್ನ ಕೇಳ್ತಿದ್ದೆ.

"ಅಲ್ಲಿ ಸರ್ವಾಧಿಕಾರ ಇತ್ತು, ನಮ್ಮಲ್ಲಿ ಪ್ರಜಾಪ್ರಭುತ್ವ, ಇಲ್ಲಿ ಇದೆಲ್ಲ ನಡೆಯಲ್ಲ" ಅಂತ ಒಬ್ಬರು ಆಗಲೇ ಡಿಎಂ ಮಾಡಿದ್ದಾರೆ. ಒಳ್ಳೆ ಪ್ರಶ್ನೆ. ಇಸ್ರೋ ಕಡೆ ನೋಡಿ. ಪಕ್ಕಾ ಸರ್ಕಾರಿ, ಮುಖ್ಯ ಕಚೇರಿ ಬೆಂಗಳೂರಿನಲ್ಲೇ. ಕೇಂದ್ರದಲ್ಲಿ ಯಾವ ಪಕ್ಷ ಬಂದ್ರೂ ಅದರ ಅಧ್ಯಕ್ಷರು ವಿಜ್ಞಾನಿಗಳೇ. ಟಿಕೆಟ್ ಮಾರೋ ಕಷ್ಟ ಅವರಿಗಿಲ್ಲ, ಒಪ್ಪಿದೆ. ಆದ್ರೆ ಗೊತ್ತಿರೋರ ಕೈಗೆ ಕೊಟ್ಟು ಸುಮ್ಮನಿರೋಕೆ ನಮ್ಮ ಪ್ರಜಾಪ್ರಭುತ್ವಕ್ಕೂ ಬರುತ್ತೆ ಅಂತಾಯ್ತಲ್ಲ.

(9/9)
ಇಷ್ಟು ಹೊಗಳಿ ಲೈಕ್ ತಗೊಂಡು ಹೋದ್ರೆ ಮೋಸ ಆಗುತ್ತೆ. ಇನ್ನೊಂದು ಮುಖವೂ ಇದೆ.

ಇಥಿಯೋಪಿಯಾದ ಒಳಗೆ ಈ ಏರ್‌ಲೈನ್‌ಗೆ ಹೇಳಿಕೊಳ್ಳುವಂಥ ಪೈಪೋಟಿಯೇ ಇಲ್ಲ. ಅದೂ ಒಂದು ಬೆಂಬಲವೇ. ಜನಸಂಖ್ಯೆ 12 ಕೋಟಿಗೂ ಹೆಚ್ಚು, ಅದರಲ್ಲಿ ತುಂಬಾ ಜನ ಈ ವಿಮಾನವನ್ನ ತಲೆ ಎತ್ತಿ ನೋಡಿದ್ದಾರೆ ಅಷ್ಟೇ. ಟಿಗ್ರಾಯ್ ಯುದ್ಧದ ಶುರುವಲ್ಲಿ, 2020ರ ನವೆಂಬರ್‌ನಲ್ಲಿ, ಇದೇ ಏರ್‌ಲೈನ್‌ನ ವಿಮಾನಗಳಲ್ಲಿ ಶಸ್ತ್ರಾಸ್ತ್ರ ಸಾಗಿಸಿದ್ರು ಅಂತ ಸಿಎನ್‌ಎನ್ 2021ರಲ್ಲಿ ವರದಿ ಮಾಡಿತು. ಕಂಪನಿ ಅಲ್ಲಗಳೆಯಿತು. ಯುದ್ಧದ ಹೊತ್ತಲ್ಲಿ ಟಿಗ್ರಾಯ್‌ಗೆ ವಿಮಾನವೇ ನಿಂತಿತ್ತು. 2022ರ ಡಿಸೆಂಬರ್ ಕೊನೆಯಲ್ಲಿ ಮೆಕೆಲೆಗೆ ಮತ್ತೆ ಮೊದಲ ವಿಮಾನ ಹೋಯ್ತು, ಆಗ ಎಷ್ಟೋ ಜನ ಒಂದೂವರೆ ವರ್ಷದ ಮೇಲೆ ತಮ್ಮವರ ಮುಖ ನೋಡಿದ್ರು. ವ್ಯಾಪಾರದಲ್ಲಿ ಸುಮ್ಮನೆ ಬಿಟ್ಟ ಸರ್ಕಾರ ಯುದ್ಧದಲ್ಲೂ ಸುಮ್ಮನೆ ಬಿಡುತ್ತೆ ಅಂತೇನಿಲ್ಲ.

ಅಸ್ಮಾರಾ ನೆನಪಿದೆಯಾ? 1946ರ ಮೊದಲ ಹಾರಾಟದ ಊರು ಈಗ ಎರಿಟ್ರಿಯಾ ಅನ್ನೋ ಬೇರೆ ದೇಶದ ರಾಜಧಾನಿ. ಗಡಿ ಯುದ್ಧದಿಂದ 20 ವರ್ಷ ವಿಮಾನ ಇರಲಿಲ್ಲ. 2018ರ ಜುಲೈನಲ್ಲಿ ಶುರುವಾದಾಗ ಜನ ವಿಮಾನದೊಳಗೇ ಕುಣಿದ್ರು. 2024ರ ಸೆಪ್ಟೆಂಬರ್‌ನಲ್ಲಿ ಅದು ಮತ್ತೆ ನಿಂತಿತು. ಸುಮಾರು 130 ವಿದೇಶಿ ಊರುಗಳಿಗೆ ಹಾರೋ ಕಂಪನಿಗೆ ತನ್ನ ಮೊದಲ ನಿಲ್ದಾಣವೇ ಮುಚ್ಚಿತು.

ಮತ್ತೆ ಬಿಶೋಫ್ತು. ಇಟಿ 302 ಬಿದ್ದ ಆ ಊರಿನ ಹತ್ತಿರವೇ ಈಗ ಆಫ್ರಿಕಾದ ಅತಿ ದೊಡ್ಡ ವಿಮಾನ ನಿಲ್ದಾಣ ಕಟ್ಟೋ ಯೋಜನೆ. ಬೊಲೆಗಿಂತ ಸುಮಾರು 400 ಮೀಟರ್ ತಗ್ಗು, ವಿಮಾನ ಏಳೋದು ಸುಲಭ. ಲೆಕ್ಕ ಸರಿ ಇದೆ. ಅಲ್ಲಿ ಉಳುತ್ತಿದ್ದ ರೈತ ಕುಟುಂಬಗಳು ಬೇರೆ ಕಡೆ ಹೋಗಬೇಕು. ದೇವನಹಳ್ಳಿ ಕಡೆಯ ಗೆಳೆಯರಿಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ನಿಮ್ಮ ಸರದಿ. ಎಚ್‌ಎಂಟಿ, ಭದ್ರಾವತಿಯ ವಿಐಎಸ್‌ಎಲ್, ಐಟಿಐ, ಎನ್‌ಜಿಇಎಫ್, ಎಲ್ಲಾದ್ರೂ ನಿಮ್ಮ ಮನೆಯಲ್ಲಿ ಅಜ್ಜ, ದೊಡ್ಡಪ್ಪ, ಅತ್ತೆ ಯಾರಾದ್ರೂ ಕೆಲಸ ಮಾಡಿದ್ರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಎರಡು ಪ್ರಶ್ನೆ ಕೇಳಿ: ನಿಮ್ಮ ಕಾಲದಲ್ಲಿ ಫ್ಯಾಕ್ಟರಿ ಮುಖ್ಯಸ್ಥರು ಒಳಗಿಂದ ಬೆಳೆದು ಬಂದವರಾ, ಹೊರಗಿಂದ ಬಂದವರಾ? ಕೆಲಸ ಕಲಿಸೋ ಟ್ರೈನಿಂಗ್ ಸೆಂಟರ್ ಯಾವ ವರ್ಷದವರೆಗೆ ನಡೀತು? ಹೆಸರು ಬೇಡ, ವರ್ಷ ಮತ್ತು ಅವರು ಹೇಳಿದ್ದು ಕಾಮೆಂಟ್‌ನಲ್ಲಿ ಹಾಕಿ. ಸಾಕಷ್ಟು ಬಂದ್ರೆ ಮುಂದಿನ ಸೀರೀಸ್ ಅದರದ್ದೇ.